ಕಿವಿಯ ಬಳಿಯ ಹಳದಿ

ನಾನು ನಡೆಯಲು ಕಲಿಯುವ ಮೊದಲೇ ಅಮ್ಮ ತೀರಿಹೋಗಿದ್ದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. "ಅಮ್ಮ ಹೇಗಿದ್ದಳು?" ಎಂದು ನಾನು ಪೀಡಿಸಿ ಪೀಡಿಸಿ, ಕಡೆಗೆ ಅಪ್ಪ ಹೊನ್ನಾವರದ ನಮ್ಮ ಮನೆಯ ಜಗಲಿಯಲ್ಲಿ ಅವಳ ಚಿತ್ರ ಬರೆಯಲು ಕೂತ. ಕುಮಟೆಯ ನಾಟಕದವರಿಗೆ ಅರಮನೆ, ಉದ್ಯಾನದ ಪರದೆಗಳನ್ನು ನೋಡನೋಡುತ್ತ ಬಳಿದು ಕೊಡುತ್ತಿದ್ದ ಮನುಷ್ಯ ಈ ಅಂಗೈಯಗಲದ ಮುಖಕ್ಕೆ ಇಡೀ ಬೇಸಿಗೆ ತೆಗೆದುಕೊಂಡ.

ಯುದ್ಧದ ಕಾಲ, ಮುಂಬಯಿಯಿಂದ ಬಣ್ಣ ಬರುವುದೇ ಕಷ್ಟ. ಇದ್ದ ಬಣ್ಣವನ್ನು ಅಗಸೆ ಎಣ್ಣೆಯಲ್ಲಿ ತೆಳ್ಳಗೆ ಮಾಡಿ, ಒಂದು ಪದರ ಹಚ್ಚಿ, ಒಣಗುವ ತನಕ ಕಾಯುತ್ತಿದ್ದ. ಕಿರುಬೆರಳ ಹಿಂಬದಿಯಿಂದ ಮುಟ್ಟಿ ನೋಡುವುದು, ಗಾಳಿಗೆ ಕಡಲದಂಡೆಯ ಹೊಯಿಗೆ ಹಾರಿ ಅಂಟೀತೆಂದು ಪಂಚೆ ಮುಚ್ಚುವುದು, ಆಮೇಲೆ ಮತ್ತೊಂದು ಪದರ. ಅಡಿಯ ಬಣ್ಣ ಮೇಲಿನದರೊಳಗಿಂದ ಕಾಣಬೇಕಂತೆ. ನನಗೆಲ್ಲಿಯ ತಾಳ್ಮೆ! ಪಂಚೆ ಎತ್ತಿ ಎತ್ತಿ ನೋಡಿ ಬೈಸಿಕೊಳ್ಳುತ್ತಿದ್ದೆ.

ಇನ್ನು ವಾರ್ನಿಶ್ ಒಂದೇ ಬಾಕಿ ಎನ್ನುವಾಗ ತದಡಿಯಿಂದ ಅಜ್ಜಿ, ಅಮ್ಮನ ತಾಯಿ, ಬಂದಳು. ಅಳಿಯನೊಡನೆ ನೇರ ಮಾತಾಡುವ ಪದ್ಧತಿ ಅವಳಿಗಿಲ್ಲ. ಅಪ್ಪ ಎದುರಿಗೇ ಇದ್ದರೂ ನನ್ನ ಮುಖ ನೋಡಿ ಹೇಳಿದಳು: "ನಿನ್ನ ಅಪ್ಪಂಗೆ ಕೇಳೆ, ಇದೆಂತ ಬಣ್ಣ? ನನ್ನ ಮಗಳಿಗೆ ಕಾಮಾಲೆ ಆಗಿತ್ತಾ?"

ಅಪ್ಪ ಕುಂಚ ಕೆಳಗಿಟ್ಟ. ಅವನೂ ನನಗೇ ಹೇಳಿದ: "ತುಂಬಿದ ಮನೆ, ಮಗಾ. ಹಗಲು ಹೆಂಡ್ತಿ ಮುಖ ನೋಡ್ತಾ ನಿಂತ್ರೆ ಹಿರಿಯರು ಎಂತ ಅಂತಿದ್ರು? ನಾನು ಅವಳನ್ನ ಸರಿಯಾಗಿ ಕಂಡದ್ದೆಲ್ಲ ಚಿಮಣಿ ದೀಪದ ಹಳದಿ ಬೆಳಕಲ್ಲೇ."

ಆ ಪದ್ಧತಿಗಳನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಜ್ಜಿಯ ಸಿಟ್ಟು ಮಾತ್ರ ಅಲ್ಲೇ ಇಳಿಯಿತು. ಸೆರಗು ಸರಿಸಿ, ಬಿಸಿಲು ಕಾಣದ ಮುಂಗೈಯ ಒಳಬದಿಯನ್ನು ಬೆಳಕಿಗೆ ಚಾಚಿದಳು. "ಇಗಾ, ಅವಳದ್ದು ಇದೇ ಬಣ್ಣ. ನೋಡ್ಕಂಡು ಹಚ್ಚಲಿ."

ಊರಿಗೆ ಹೋಗುವುದನ್ನು ಮುಂದೂಡಿ, ದಿನಾ ಬೆಳಗ್ಗೆ ಕೈ ಚಾಚಿ ಕೂತಳು. ಹಳದಿಯ ಮೇಲೆ ತೆಳು ಗೋಧಿಬಣ್ಣ ಪದರ ಪದರವಾಗಿ ಏರಿತು. ಅಮ್ಮ ನಿಧಾನಕ್ಕೆ ಹಗಲಿಗೆ ಬಂದಳು. ನನಗೆ ಅಳು ಬಂತು. ಎಡಗಿವಿಯ ಬಳಿ ಮಾತ್ರ ಒಂದಿಷ್ಟು ಹಳದಿ ಹಾಗೇ ಉಳಿದಿತ್ತು.

"ಅಲ್ಲೊಂದು ಬಿಟ್ಟುಹೋತು ಅಂತ ಹೇಳೆ," ಎಂದಳು ಅಜ್ಜಿ.

ಅಪ್ಪ ನನ್ನ ಕಡೆ ನೋಡಲಿಲ್ಲ. ಎಂದೂ ಇಲ್ಲದೆ ಅವಳಿಗೇ ಹೇಳಿದ: "ಅತ್ತೆ, ಅಷ್ಟು ನಂಗಿರ್ಲಿ."

ಅಜ್ಜಿ "ಆತು" ಎಂದಳು. ಅವನನ್ನೇ ನೋಡಿ. ಅಪ್ಪ ವಾರ್ನಿಶ್ ಡಬ್ಬಿಯ ಮುಚ್ಚಳ ತೆಗೆದ.