ಬುಲ್‌ಬುಲ್, ಡಾಲ್ಫಿನ್ ಮತ್ತು ನಮ್ಮ ಮಾಸ್ತರರು

ಮೊನ್ನೆ ಬಸವಕಲ್ಯಾಣದ ಕೋಳಿ ಅಂಗಡಿಯ ಮುಂದೆ ನಿಂತಿದ್ದೆ. ಕೊಯ್ದ ಕೋಳಿಯನ್ನು ಬಿಸಿನೀರಿಗೆ ಅದ್ದಿ ತೆಗೆದಾಗ ತೊಯ್ದ ಪುಕ್ಕದ ವಾಸನೆ ಮೂಗಿಗೆ ಬಡಿಯಿತು. ಬರಿಯ ಚೀಲ ಹಿಡಿದುಕೊಂಡೇ ಮನೆಗೆ ಬಂದೆ. ಆ ವಾಸನೆಯ ಜೊತೆ ಟ್ಯೂಷನ್ ಮಾಸ್ತರರೂ ನೆನಪಿಗೆ ಬಂದರು...

ಹುಮನಾಬಾದಿನಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಅವರ ಮನೆ. ವಿಜ್ಞಾನ ಕಲಿಸುವುದರಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲವೆಂದು ಚಿಟಗುಪ್ಪದಿಂದಲೂ ಮಕ್ಕಳು ಬಸ್ಸಿನಲ್ಲಿ ಬರುತ್ತಿದ್ದರು. ಅವರ ಮಗಳು, ತಾಯಿಯಿಲ್ಲದ ಹುಡುಗಿ, ನನ್ನ ಓರಗೆಯವಳು. ಗಾಳಿಗೆ ಗೂಡಿನಿಂದ ಬಿದ್ದ ಬುಲ್‌ಬುಲ್ ಮರಿಯೊಂದಕ್ಕೆ ಬಾಳೆಹಣ್ಣು ತಿನ್ನಿಸಿ ಬದುಕಿಸಿಕೊಂಡಿದ್ದಳು. ಪಾಠದ ಹೊತ್ತಿನಲ್ಲೂ ಅದು ಅವಳ ಹೆಗಲ ಮೇಲೆ ಕೂತು ಹಾಡುತ್ತಿತ್ತು.

ಅಂದು ಪ್ರಾಣಿಗಳ ವರ್ಗೀಕರಣದ ಪಾಠ. ಡಾಲ್ಫಿನ್ ಯಾವ ವರ್ಗಕ್ಕೆ ಸೇರುತ್ತದೆಂದು ಮಾಸ್ತರರು ಮಗಳನ್ನೇ ಕೇಳಿದರು.

"ಮೀನು ಅಲ್ಲೇನಪ್ಪಾ?" ಅಂದಳು.

ಎಲ್ಲರೂ ನಕ್ಕೆವು. ತಮ್ಮ ಮಗಳೇ ತಪ್ಪು ಹೇಳಿದ್ದನ್ನು ಅವರಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಅವಳ ಹೆಗಲಿನಿಂದ ಹಕ್ಕಿಯನ್ನು ಹಿಡಿದುಕೊಂಡರು.

"ಇದು ಪಕ್ಷಿ, ತತ್ತಿ ಇಡ್ತದ. ಡಾಲ್ಫಿನ್ ಸಸ್ತನಿ, ಮರಿ ಹಾಕಿ ಹಾಲು ಕುಡಸ್ತದ. ವರ್ಗ ಬ್ಯಾರೆ. ಆದ್ರ ಎರಡಕ್ಕೂ ಶ್ವಾಸಕೋಶ ಅವ. ಮೀನಿನಂಗ ನೀರಾಗ ಉಸಿರಾಡಾಕ ಎರಡಕ್ಕೂ ಆಗಂಗಿಲ್ಲ. ನೋಡ್ರಿ."

ಅಂಗಳದ ಬಕೆಟ್ಟಿನಲ್ಲಿ ಮುಷ್ಟಿಯನ್ನು ಮುಳುಗಿಸಿ ಹಿಡಿದರು. ಮಗಳು ಅವರ ತೋಳಿಗೆ ಜೋತುಬಿದ್ದಳು.

"ಬಿಡಪ್ಪಾ, ಗೊತ್ತಾತು... ಸಸ್ತನಿ, ಸಸ್ತನಿ..."

ಅವರು ಕೈ ತೆಗೆಯಲಿಲ್ಲ. ನೀರಿನ ಮೇಲೆ ಗುಳ್ಳೆಗಳು ಬಂದವು. ಆಮೇಲೆ ಬರಲಿಲ್ಲ.

ತೊಯ್ದ ಹಕ್ಕಿಯನ್ನು ಅವಳ ಮಡಿಲಿಗೆ ಹಾಕಿ, ಕೈ ಒರೆಸಿಕೊಳ್ಳುತ್ತ ಪಾಠ ಮುಂದುವರಿಸಿದರು. "ಗಂಗಾ ನದಿ ಡಾಲ್ಫಿನ್ ಅಳಿವಿನ ಅಂಚಿನಾಗ ಅದ. ಬುಲ್‌ಬುಲ್ ಹಂಗಲ್ಲ, ಎಲ್ಲಿ ನೋಡಿದಲ್ಲಿ ಅವ. ಒಂದು ಹೋದ್ರ ಏನೂ ಕಮ್ಮಿ ಆಗಂಗಿಲ್ಲ. ಬರ್ಕೋರಿ."

ನಾವು ಬರೆದುಕೊಂಡೆವು.

ಅಂದಿನಿಂದ ಅವಳು ಅಪ್ಪನೊಡನೆ ಮಾತಾಡಲಿಲ್ಲ. ರೊಟ್ಟಿ ಬಡಿದು ತಾಟು ಮುಂದಿಡುತ್ತಿದ್ದಳು, ಅಷ್ಟೆ. "ಮೂಗಿ ಆಗ್ಯಾಳ್ ನೋಡ್ರಿ ಈಕಿ," ಎಂದು ನಮ್ಮೆದುರಿಗೇ ಹಂಗಿಸುತ್ತಿದ್ದರು. ಮದುವೆಯಾಗಿ ನಿರ್ಣಾದ ಗಂಡನ ಮನೆಗೆ ಹೊರಟ ದಿನ ಅವರ ಕಾಲಿಗೆ ಬಿದ್ದಳು, ಬಾಯಿ ತೆರೆಯಲಿಲ್ಲ. ಆ ಹೊತ್ತಿಗೆ ಮಾಸ್ತರರು ಅತ್ತದ್ದನ್ನು ನಾನು ಕಂಡಿದ್ದೇನೆ...

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅಷ್ಟು ಚೆನ್ನಾಗಿ ಕಲಿಸುವವರು ಈಗ ಊರಲ್ಲಿ ಇಲ್ಲ, ಅದೂ ನಿಜವೇ. ಹಳೆಯ ವಿದ್ಯಾರ್ಥಿಗಳಿಂದ ಅಂಗಳ ತುಂಬಿತ್ತು. ಅವರಲ್ಲೊಬ್ಬರು ಕಣ್ಣೊರೆಸಿಕೊಂಡು ಮಗಳ ಹತ್ತಿರ ಬಂದರು.

"ನಿಮ್ಮಪ್ಪಾರು ಕಲಿಸಿದ್ದು ಇವತ್ತಿಗೂ ಮರ್ತಿಲ್ಲ ನೋಡ್ರಿ ತಂಗೀ."

ಅವಳು ಹೆಣದ ಕಡೆ ನೋಡಿದಳು.

"ನಾನೂ ಮರ್ತಿಲ್ರಿ," ಅಂದಳು.