ಕಚೇರಿಯ ಹೊಸ್ತಿಲು, ರಾಯಚೂರು

ದೇವದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಜಾಮರ ಕಾಲದ ಕಚೇರಿಯನ್ನು ಈಗ ಹಳೆಯ ಶಿಲ್ಪಗಳ ವಸ್ತುಸಂಗ್ರಹಾಲಯ ಮಾಡಿದ್ದಾರೆಂದು ಕೇಳಿ ಒಳಹೊಕ್ಕೆ. ಮೊದಲು ಕಂಡದ್ದು ಶಿಲ್ಪವಲ್ಲ, ಛಾವಣಿ. ಆಳು ಮಲಗುವಷ್ಟು ದಪ್ಪದ ಗೋಡೆಗಳಿಂದ ಎದ್ದ ಕಮಾನುಗಳು ಒಂದು ತೊಲೆಯ ಹಂಗೂ ಇಲ್ಲದೆ ಮೇಲೆ ಕೂಡಿಕೊಂಡಿದ್ದವು. ಇಷ್ಟು ಕಾಲ ಬೀಳದ್ದು ನಾನು ಬಂದ ದಿನವೇ ಬಿದ್ದೀತೆಂದು ಗೋಡೆಗೆ ಒತ್ತಿ ನಿಂತು, ಬಾಯಿ ತೆರೆದು ನೋಡಿದೆ.

ಬಾಗಿಲಾಚೆ, ಮಾನ್ವಿ ಕಡೆಯ ಮುದುಕರೊಬ್ಬರು ಕೆರ ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತಿದ್ದರು.

"ಒಳಗ ಬರ್ರಿ ಯಜ್ಜಾ, ಯಾರೂ ಏನೂ ಅನ್ನಂಗಿಲ್ಲ," ಎಂದ ಕಾವಲುಗಾರ.

"ನಮ್ಮಪ್ಪ ಹೊಲದ ಖಟ್ಲೇಕ ಬಂದಾಗೆಲ್ಲ ಇಲ್ಲೇ ನಿಂದರ್ತಿದ್ದ. ಜವಾನ ಬಾಗಲದಾಗ ನಿಂತು ಹೆಸರು ಕೂಗ್ತಿದ್ದ, ನಮ್ಮಂಥವ್ರು ಅಂಗಳದಿಂದನ 'ಓ' ಅನಬೇಕು. ಒಳಗ ಹೆಂಗದ ಅಂತ ನೋಡದನ ಸತ್ತ."

"ನೀವರ ನೋಡ್ರಿ. ಆ ಸಾಹೇಬ್ರನ್ನ ನೋಡ್ರಿ, ಮ್ಯಾಲಿಂದು ಬೀಳ್ತದಂತ ಗ್ವಾಡಿ ಅಪ್ಪಿಕೊಂಡಾರ!"

ನಾನು ತಟ್ಟನೆ ಗೋಡೆ ಬಿಟ್ಟೆ. ಮುದುಕರು ನಕ್ಕರು; ಆ ನಗುವಿನಲ್ಲೇ ಹೊಸ್ತಿಲು ದಾಟಿಬಿಟ್ಟರು. ಕಮಾನುಗಳ ಕೆಳಗೆ ಬಂದು ತಲೆ ಎತ್ತಿದಾಗ ಅವರ ರುಮಾಲು ಹಿಂದಕ್ಕೆ ಜಾರಿತು. ಆಮೇಲೆ ಜವಾನನ ಗತ್ತಿನಲ್ಲಿ ಅಪ್ಪನ ಹೆಸರು ಕೂಗಿದರು:

"ಹಣಮಪ್ಪಾ!"

ಛಾವಣಿ ಆ ಹೆಸರನ್ನು ಎತ್ತಿಕೊಂಡು ಕಮಾನಿನಿಂದ ಕಮಾನಿಗೆ ದಾಟಿಸಿತು. ಅದು ಅಡಗುವ ಮುನ್ನ ಮುದುಕರೇ ಮೆಲ್ಲಗೆ "ಓ" ಎಂದರು.