ಮುಚ್ಚಳ ಮುಚ್ಚಬಾರದ ಹೆಪ್ಪು

ಬೆಳಗಿನ ಐದೂವರೆ. ಟಿನ್ ಫ್ಯಾಕ್ಟರಿ ಹತ್ತಿರದ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆ. ಕಾರುಗಳ ಸಾಲು ಮುಗಿಯುವ ಕಡೆ, ಕಬ್ಬಿಣದ ಬಾಗಿಲ ಹಿಂದೆ, ಹುಸೇನಪ್ಪ ಒಂದು ಲೀಟರಿನ ಗಾಜಿನ ಜಾಡಿಯನ್ನು ಮೇಜಿನ ಮೇಲಿಟ್ಟು ಗಡಿಯಾರ ನೋಡುತ್ತಾರೆ. ಜಾಡಿಯ ತುಂಬ ಕಾಫಿ ಬಣ್ಣದ ನೀರು. ಮೇಲಿನ ನೂರ ತೊಂಬತ್ತೆರಡು ಮನೆಗಳ ಬಚ್ಚಲು, ಪಾಯಿಖಾನೆಗಳಿಂದ ಇಳಿದು ಇಲ್ಲಿನ ಶುದ್ಧೀಕರಣದ ತೊಟ್ಟಿಗಳಿಗೆ ಬಂದದ್ದು. ಇನ್ನು ಅರ್ಧ ಗಂಟೆ ಅದನ್ನು ಯಾರೂ ಮುಟ್ಟುವಂತಿಲ್ಲ.

ಇವತ್ತು ಭಾನುವಾರ, ಎದುರಿಗೆ ನಿವಾಸಿಗಳ ಸಂಘದ ಕಾರ್ಯದರ್ಶಿ ಯಶೋದಮ್ಮನವರೂ ಇದ್ದಾರೆ, ಮೂಗಿಗೆ ಸೆರಗು ಒತ್ತಿಕೊಂಡು. ಇವತ್ತೂ ಜಾಡಿಯಲ್ಲಿ ನೀರು ತಿಳಿಯಾಗದಿದ್ದರೆ ತೊಟ್ಟಿಗಳನ್ನೆಲ್ಲ ಬರಿದು ಮಾಡಿಸಿ ಕೆಲಸವನ್ನು ಬೇರೆ ಕಂಪನಿಗೆ ಕೊಡುವುದೆಂದು ಸಂಘ ತೀರ್ಮಾನಿಸಿದೆ. ಹಾಗಾದರೆ ಹುಸೇನಪ್ಪನವರ ಹನ್ನೊಂದು ವರ್ಷದ ಕೆಲಸ ಹೋಗುತ್ತದೆ. ಪಂಪ್‌ಹೌಸ್ ಪಕ್ಕದಲ್ಲಿ ಅವರೂ ಹೆಂಡತಿ ಜಟ್ಟೆಮ್ಮನೂ ಇರುವ ಕೋಣೆಯೂ ಹೋಗುತ್ತದೆ.

ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಹುಸೇನಪ್ಪ. ಇದೇ ತೊಟ್ಟಿಗಳನ್ನು ಕಟ್ಟಿ, ನೋಡಿಕೊಳ್ಳಲು ಜನ ಸಿಗದಾಗ ಇಲ್ಲೇ ನಿಂತರು. ದಿನಕ್ಕೆ ಒಂದು ಲಕ್ಷ ಲೀಟರ್ ಕೊಳೆನೀರು ಇವರ ಕೈಯಲ್ಲಿ ತಿಳಿಯಾಗಿ ಗಿಡಗಳಿಗೆ, ಫ್ಲಶ್ಶಿಗೆ ಮರಳುತ್ತದೆ. ಕೆಲಸ ಮಾಡುವುದು ಕಣ್ಣಿಗೆ ಕಾಣದ ಹುಳಗಳು. ಗಾಳಿ ಊದಿದರೆ ಸಾಕು, ಅವು ಕೊಳೆ ತಿಂದು ಬೆಳೆದು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ.

"ಒಂಟಿ ಇದ್ದದ್ದು ತೇಲ್ತೈತ್ರೀ. ಸಾವಿರ ಕೂಡಿದ್ವು ಅಂದ್ರ ತೂಕ ಬರ್ತೈತಿ, ತಾನಾ ಮುಳುಗ್ತೈತಿ. ಯಾರು ಹೇಳಿಕೊಟ್ರೋ ಅವಕ್ಕ" ಎನ್ನುತ್ತಾರೆ.

ಮೂರು ವಾರದ ಹಿಂದೆ ಲಾಬಿ ತೊಳೆಯಲು ಬಂದವರು ಉಳಿದ ಆಸಿಡ್ಡನ್ನೆಲ್ಲ ತೊಟ್ಟಿಗೆ ಬರುವ ಮೋರಿಗೆ ಸುರಿದು ಹೋದರು. ಒಂದೇ ರಾತ್ರಿಗೆ ಹುಳಗಳು ಸತ್ತವು, ಮುದ್ದೆಗಳು ಒಡೆದವು. ಜಾಡಿಯಲ್ಲಿ ಅರ್ಧ ಗಂಟೆಯಲ್ಲ, ಅರ್ಧ ದಿನ ಬಿಟ್ಟರೂ ಬರೀ ಕಲಗಚ್ಚು.

ಈ ಕಸುಬಿನವರಲ್ಲಿ ಇದಕ್ಕೊಂದು ಮದ್ದುಂಟು. ಒಬ್ಬರ ತೊಟ್ಟಿ ಕೆಟ್ಟರೆ ಇನ್ನೊಬ್ಬರ ತೊಟ್ಟಿಯಿಂದ ಜೀವವಿರುವ ಕೆಸರು ತಂದು ಸುರಿಯುವುದು. ಅದಕ್ಕೆ ಅವರಿಟ್ಟ ಹೆಸರು ಹೆಪ್ಪು. ಹಾಲಿಗೆ ಮೊಸರು ಬಿಟ್ಟ ಹಾಗೆ. ಆದರೆ ಅದಕ್ಕೆ ದಾರಿಯುದ್ದಕ್ಕೂ ಗಾಳಿ ಬೇಕು. ಮೊದಲ ವರ್ಷ ಹುಸೇನಪ್ಪ ವಾಸನೆಗೆ ಅಂಜಿ ಕ್ಯಾನನ್ನು ಬಿಗಿಯಾಗಿ ಮುಚ್ಚಿ ಬಸ್ಸಿನಲ್ಲಿ ತಂದಿದ್ದರು. ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಎರಡು ಗಂಟೆ. ಇಳಿದು ತೆಗೆದರೆ ಎಲ್ಲ ಕರ್ರಗಾಗಿತ್ತು. "ನಾಚಿಕಿಗಿ ಬಿದ್ದು ಮುಚ್ಚಿದ್ದೆ. ಉಸಿರು ಕಟ್ಟಿ ಸತ್ವು ಪಾಪ."

ಈ ಸಲ ಆ ತಪ್ಪಾಗಲಿಲ್ಲ. ರಿಚರ್ಡ್ಸ್ ಟೌನಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಇದೇ ಕೆಲಸ ಮಾಡುವ ಊರ ಕಡೆಯ ಭೀಮು ಹೆಪ್ಪು ಕೊಟ್ಟರು. ಬಾಯಿ ತೆರೆದ ಕ್ಯಾನನ್ನು ಯಾವ ಕಂಡಕ್ಟರ್ ಹತ್ತಿಸಿಕೊಂಡಾನು? ಗೂಡ್ಸ್ ಆಟೋದ ರಹೀಂ ಒಪ್ಪಿದರು. ದಿನಕ್ಕೆ ಎಂಟು ಕ್ಯಾನಿನಂತೆ ಮೂರು ದಿನ. ಹಿಂದೆ ಕೂತ ಹುಸೇನಪ್ಪ ದಾರಿಯುದ್ದಕ್ಕೂ ಎಂಟನ್ನೂ ಕೋಲಿನಿಂದ ಕಲಕುತ್ತ ಬಂದರು. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವರು ಹಾರ್ನ್ ಹೊಡೆದು ಹಿಂದೆ ಸರಿದರು.

"ಅಣ್ಣಾ, ಈ ಗಾಡೀಲಿ ಮೀನು ಹಾಕ್ದೆ, ಕೋಳಿ ಹಾಕ್ದೆ. ಇದೊಂದು ಬಾಕಿ ಇತ್ತು ನೋಡು" ಅಂದರಂತೆ ರಹೀಂ. ಮಾರನೇ ದಿನವೂ ಹೇಳಿದ ಹೊತ್ತಿಗೆ ಬಂದು ನಿಂತಿದ್ದರು.

ಅದಾಗಿ ಹತ್ತು ದಿನ. ಗಡಿಯಾರದಲ್ಲಿ ಆರು ನಿಮಿಷ ಕಳೆದಿದೆ. ಜಾಡಿಯ ನೀರು ಕದಡಿಕೊಂಡೇ ಇದೆ.

"ಏನೂ ಆಗ್ತಿಲ್ವಲ್ರೀ" ಎನ್ನುತ್ತಾರೆ ಯಶೋದಮ್ಮ.

"ತಡೀರಿ ಅಕ್ಕಾರ. ಅವು ಒಬ್ಬರನ್ನೊಬ್ಬರು ಹುಡುಕ್ಲಿಕತ್ತಾವ."

ಎಂಟನೇ ನಿಮಿಷಕ್ಕೆ ನೀರು ರವೆರವೆಯಾಗಿ ಒಡೆಯುತ್ತದೆ. ರವೆ ರವೆಯನ್ನು ಹಿಡಿದು ಅವಲಕ್ಕಿಯಷ್ಟಗಲ ಆಗುತ್ತದೆ. ಅವಲಕ್ಕಿಗಳು ಕೂಡಿ ಮೋಡವಾಗಿ, ಇಡೀ ಮೋಡವೇ ಸದ್ದಿಲ್ಲದೆ ಇಳಿಯತೊಡಗುತ್ತದೆ. ಮೇಲೆ ಒಂದು ಬೆರಳು ತಿಳಿನೀರು. ಎರಡು ಬೆರಳು. ಅರ್ಧ ಗಂಟೆಗೆ ಮುಕ್ಕಾಲು ಜಾಡಿ. ಅದರ ಮೂಲಕ ಆಚೆ ಗೋಡೆಯ ಮೇಲಿನ ಕ್ಯಾಲೆಂಡರಿನ ತಾರೀಖು ಓದಬಹುದು. ಯಶೋದಮ್ಮನವರ ಸೆರಗು ಯಾವಾಗಲೋ ಮೂಗಿನಿಂದ ಜಾರಿದೆ. ಅವರು ಬಗ್ಗಿ, ಮಗುವಿನ ತೊಟ್ಟಿಲು ನೋಡುವವರಂತೆ ಜಾಡಿ ನೋಡುತ್ತಿದ್ದಾರೆ.

"ದಿನಾ ಹೀಗೇ ಆಗುತ್ತಾ?"

"ದಿನಾ ರೀ."

"ನಾವು ಒಂದ್ಸಲನೂ ಇಳಿದು ಬಂದು ನೋಡ್ಲಿಲ್ಲ." ಬೇರೆ ಕಂಪನಿಯ ಮಾತನ್ನು ಅವರು ಮತ್ತೆ ಎತ್ತುವುದಿಲ್ಲ. ಮೆಟ್ಟಿಲ ಹತ್ತಿರ ನಿಂತು, ಇನ್ನು ಲಾಬಿ ತೊಳೆಯುವವರು ಮೊದಲು ಹುಸೇನಪ್ಪನವರನ್ನು ಕೇಳಬೇಕೆಂದು ನೋಟಿಸ್ ಹಾಕಿಸುತ್ತೇನೆ ಎನ್ನುತ್ತಾರೆ.

ಜಟ್ಟೆಮ್ಮ ಚಹಾ ತಂದಿಡುತ್ತಾರೆ. ಅಷ್ಟರಲ್ಲಿ ಫೋನು. ಇಂದಿರಾನಗರದಲ್ಲಿ ಇದೇ ಕೆಲಸದಲ್ಲಿರುವ ಜಯಮಾಲಾ. ಅವರ ತೊಟ್ಟಿ ಕೆಟ್ಟಿದೆಯಂತೆ. ಮಾತು ಮುಗಿಸಿದ ಹುಸೇನಪ್ಪ ಚಹಾ ಮರೆತು ತೊಟ್ಟಿಯ ಕಡೆ ನಡೆಯುತ್ತಾರೆ.

"ಮನ್ನಿ ಮನ್ನಿ ಬೇಡಿ ತಂದವ ನಾನು. ಈಗ ಕೊಡೋವಷ್ಟು ಆಗೈತ್ರೀ" ಎನ್ನುತ್ತಾರೆ. "ಮುಚ್ಚಳ ಮಾತ್ರ ಮನ್ಯಾಗ ಬಿಟ್ಟು ಬಾರವ್ವ ಅಂತ ಹೇಳೀನಿ."